ಸತ್ಯಾಂಶ: ಮೊಬೈಲ್ ಆ್ಯಪ್ ಹೇಳುವ ಡಿಸ್ಟಾರ್ಶನ್ ಯಾರದ್ದು?

‘ಸ್ಪೀಕರ್ ಮುಂದೆ ಮೊಬೈಲ್ ಹಿಡಿಯಿರಿ, ಆ್ಯಪ್ 1% ದಾಟಿದರೆ ಆಂಪ್ಲಿಫೈಯರ್ ಕೆಟ್ಟಿದೆ’ ಎಂಬ ಫಾರ್ವರ್ಡ್ ತಪ್ಪು. ಆ 1% ಡಿಸ್ಟಾರ್ಶನ್ (ಉಪಕರಣವೇ ದನಿಗೆ ಸೇರಿಸುವ ವಿಕೃತಿ) ಸಾಮಾನ್ಯವಾಗಿ ಸ್ಪೀಕರಿನದು, ಮೈಕಿನದು.

ಆಂಪ್ಲಿಫೈಯರಿನದನ್ನಷ್ಟೇ ಅಳೆಯಲು ಸ್ಪೀಕರ್ ಬಿಚ್ಚಿ, ಅದರ ಜಾಗದಲ್ಲಿ 8 ಓಮ್, 50 ವ್ಯಾಟ್ ರೆಸಿಸ್ಟರ್ ಹಾಕಿ (ಮುಟ್ಟಬೇಡಿ, ಸುಡುತ್ತದೆ). 1 ಕಿಲೋಹರ್ಟ್ಸ್ ಸೈನ್ ಟೋನ್ ಕೊಟ್ಟು ಔಟ್‌ಪುಟ್ಟನ್ನು 8.9 ವೋಲ್ಟ್‌ಗೆ ತಂದರೆ 10 ವ್ಯಾಟ್ ಆಯಿತು. ಇದನ್ನು ಅಳೆಯುವ ಕಂಪ್ಯೂಟರಿನ ಸೌಂಡ್‌ಕಾರ್ಡಿಗೆ ನೇರವಾಗಿ ಕೊಟ್ಟರೆ ಕಾರ್ಡೇ ಕ್ಲಿಪ್ ಆಗುತ್ತದೆ (ಅಲೆಯ ತುದಿ ಕತ್ತರಿಸಿಹೋಗುತ್ತದೆ), ಸುಟ್ಟರೂ ಸುಟ್ಟೀತು. 10ಕೆ–1ಕೆ ಡಿವೈಡರ್‌ನಿಂದ (10 ಮತ್ತು 1 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ; 1 ಕಿಲೋಓಮ್‌ನ ಎರಡು ತುದಿಗಳ ನಡುವಿನ ವೋಲ್ಟೇಜ್ ತೆಗೆದುಕೊಳ್ಳಿ) 0.8 ವೋಲ್ಟ್‌ಗೆ ಇಳಿಸಿ. ಎಫ್‌ಎಫ್‌ಟಿಯಲ್ಲಿ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸಿ ತೋರಿಸುವ ಸಾಫ್ಟ್‌ವೇರ್ ವಿಶ್ಲೇಷಣೆ) 2, 3, 4 ಕಿಲೋಹರ್ಟ್ಸ್ ಮೊದಲಾದ ಹಾರ್ಮೋನಿಕ್ (ಟೋನ್ ಆವರ್ತನದ ಗುಣಕ) ವೋಲ್ಟೇಜುಗಳ ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆದು, 1 ಕಿಲೋಹರ್ಟ್ಸ್ ವೋಲ್ಟೇಜಿನಿಂದ ಭಾಗಿಸಿ, 100ರಿಂದ ಗುಣಿಸಿ; ಅದೇ ಡಿಸ್ಟಾರ್ಶನ್‌ನ ಶೇಕಡಾವಾರು.

ಅದಕ್ಕೂ ಮೊದಲು ಕಾರ್ಡಿನ ಔಟ್‌ಪುಟ್ಟನ್ನು ಅದರ ಇನ್‌ಪುಟ್ಟಿಗೇ ಜೋಡಿಸಿ ಅಳೆದಿರಬೇಕು. ಕಾರ್ಡೇ 0.01% ತೋರಿಸಿದರೆ 0.005% ಆಂಪ್ಲಿಫೈಯರನ್ನು ಅದು ಅಳೆಯದು. ಕ್ಲಾಸ್-ಡಿ ಬ್ರಿಡ್ಜ್ ಆಂಪ್ಲಿಫೈಯರ್ ಬೋರ್ಡಿನಲ್ಲಿ (ಸ್ಪೀಕರಿನ ಎರಡೂ ತಂತಿಗಳಿಗೆ ಸಿಗ್ನಲ್ ಕೊಡುವಂಥದು) ಸ್ಪೀಕರಿನ ಮೈನಸ್ ತಂತಿ ಗ್ರೌಂಡ್ ಅಲ್ಲ. ಅದನ್ನು ಕಾರ್ಡಿನ ಗ್ರೌಂಡಿಗೆ ಕಟ್ಟಿದರೆ ಐಸಿ ಹೋದೀತು.