ಈ ಕೊಳೆ ಎಲ್ಲಿಂದ ಬಂತು?

ನಿನ್ನೆ ರಾತ್ರಿ ಕಣ್ಣಿಗೆ ಬಿದ್ದ ಒಂದು ಫೋಟೋ ಬೆಳಗಾದರೂ ತಲೆಯಿಂದ ಇಳಿದಿಲ್ಲ. ಅದು 1:87 ಅಳತೆಯ, ಅಂದರೆ ಅಸಲಿಗಿಂತ 87 ಪಟ್ಟು ಚಿಕ್ಕದಾದ ಒಂದು ಉಗಿ ಎಂಜಿನ್. ತಯಾರಿಸಿದವರು ಒಂದು ರಿವೆಟ್ಟನ್ನೂ ಬಿಡದೆ ಮೂಡಿಸಿರುವ, ಚಿಮಣಿಯಿಂದ ಚಕ್ರದ ಅರೆಗಳವರೆಗೆ ಎಲ್ಲವೂ ಲಕ್ಷಣವಾಗಿರುವ ಮಾಡೆಲ್. ಅದಕ್ಕೆ ಯಾರೋ ಏರ್‌ಬ್ರಶ್ ಹಿಡಿದು ಮುಂದಿನ ಬಫರಿನಿಂದ, ಕಲ್ಲಿದ್ದಲು ನೀರು ಹೊರುವ ಹಿಂದಿನ ಗಾಡಿಯಾದ ಟೆಂಡರಿನ ಬೆನ್ನಿನವರೆಗೆ ಒಂದೇ ಸಮನೆ ಕಂದು ಬಣ್ಣ ಊದಿದ್ದಾರೆ. ಅದು ಸಾಲದೆಂದು ಬಾಯ್ಲರಿನ ನಟ್ಟನಡುವೆ ಕಿತ್ತಳೆ ಬಣ್ಣದ ತುಕ್ಕಿನ ತೇಪೆಗಳನ್ನೂ ಹಾಕಿದ್ದಾರೆ. ‘ಥೇಟ್ ಅಸಲಿ ಎಂಜಿನ್’ ಎಂಬ ಒಕ್ಕಣೆ ಬೇರೆ, ಅದರ ಕೆಳಗೆ ಹೊಗಳಿಕೆಯ ಸುರಿಮಳೆ. ನನ್ನ ಮೇಜಿನ ಮೇಲೆ ಸದಾ ಇಂಥ ಮಾಡೆಲ್ ರೈಲುಗಳೂ ಬಣ್ಣಗಳೂ ಹರಡಿಕೊಂಡಿರುತ್ತವೆ ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ, ಇಷ್ಟಕ್ಕೆಲ್ಲ ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಲಾರಿರಿ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಆ ಫೋಟೋ ನೋಡಿದಾಗ ನನ್ನಲ್ಲಿ ಎದ್ದ ಪ್ರಶ್ನೆ ಒಂದೇ: ಈ ಕೊಳೆ ಎಲ್ಲಿಂದ ಬಂತು? ದುಡಿಯುವ ಎಂಜಿನ್ನಿನ ಮೈಮೇಲಿನ ಪ್ರತಿಯೊಂದು ಕಲೆಗೂ ಒಂದು ಹುಟ್ಟುವ ಜಾಗವಿದೆ, ಅದು ಹರಿದುಬಂದ ದಾರಿಯಿದೆ, ನಿಂತ ನೆಲೆಯಿದೆ. ಹೆಚ್ಚಾದ ಒತ್ತಡವನ್ನು ಹೊರಬಿಡುವ ಸೇಫ್ಟಿ ವಾಲ್ವಿನಿಂದ ಹಬೆಯ ಜೊತೆಗೆ ಚಿಮ್ಮಿದ ನೀರು ಬಿಸಿ ಬಾಯ್ಲರಿನ ಮೈಮೇಲೆ ಇಳಿಯುತ್ತಾ ಆರಿಹೋದಾಗ, ಅದರಲ್ಲಿ ಕರಗಿದ್ದ ಸುಣ್ಣದಂಶ ಬಿಳಿ ಗೀರುಗಳಾಗಿ ಉಳಿಯುತ್ತದೆ. ಆ ಗೀರು ವಾಲ್ವಿನ ಬುಡದಲ್ಲೇ ಶುರುವಾಗಬೇಕು, ಕೆಳಕ್ಕೆ ಇಳಿಯುತ್ತಾ ಸಣ್ಣಗಾಗಬೇಕು, ಬಾಯ್ಲರಿಗೆ ಸುತ್ತಿದ ಪಟ್ಟಿ ಅಡ್ಡ ಬಂದಲ್ಲಿ ಒಂದಿಷ್ಟು ತಡೆದು ಮುಂದೆ ಹೋಗಬೇಕು. ಬಾಯ್ಲರ್ ತೊಳೆಯಲೆಂದು ಇಟ್ಟಿರುವ ಬಿರಡೆಗಳು ಸೋರಿದರೂ ಇಂಥದ್ದೇ ಗೀರು ಬೀಳುತ್ತದೆ, ಆದರೆ ಆ ಬಿರಡೆಯ ಕೆಳಗೆ ಮಾತ್ರ. ಟೆಂಡರಿಗೆ ನೀರು ತುಂಬಿಸುವಾಗ ಉಕ್ಕಿ ಹರಿದದ್ದು ಹಿಂಬದಿಯ ಧೂಳನ್ನು ತೊಳೆದುಕೊಂಡು ಹೋಗಿರುತ್ತದೆ, ಹೀಗಾಗಿ ಅಲ್ಲಿ ಕೊಳೆಯ ನಡುವೆ ಸ್ವಚ್ಛವಾದ ಗೆರೆಗಳು ಕಾಣುತ್ತವೆ. ಕ್ಯಾಬಿನ ಚಾವಣಿಯ ಮೇಲೆ ಕೂರುವುದು ಚಿಮಣಿಯ ಮಸಿ. ಚಕ್ರಗಳ ಮೇಲಿನ ಕಂದು ಬಣ್ಣ ಬರುವುದು ಬೀಡುಕಬ್ಬಿಣದ ಬ್ರೇಕ್ ಬ್ಲಾಕುಗಳು ಸವೆದು ಉದುರಿದ ಪುಡಿ ತುಕ್ಕು ಹಿಡಿಯುವುದರಿಂದ. ಆ ಕಂದು ಬಣ್ಣಕ್ಕೆ ಬಾಯ್ಲರಿನ ನೆತ್ತಿಯ ಮೇಲೆ ಯಾವ ಕೆಲಸವೂ ಇಲ್ಲ.

ಇನ್ನು ತುಕ್ಕಿನ ಮಾತು. ಓಡಾಡುತ್ತಿರುವ ಎಂಜಿನ್ನನ್ನು ಶೆಡ್ಡಿನ ಕೆಲಸಗಾರರು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರು, ಚಾಲಕರು ಹಿಡಿದು ಹತ್ತುವ ಕೈಕಂಬಿಗಳು ಕೈಯ ಉಜ್ಜಾಟಕ್ಕೇ ನುಣುಪಾಗಿರುತ್ತಿದ್ದವು. ಬಾಯ್ಲರಿನ ಮುಂದೆ ಹೊಗೆ ಸೇರುವ, ಬಿಸಿಗೆ ಬಣ್ಣ ಸುಟ್ಟುಹೋಗುವ ಸ್ಮೋಕ್‌ಬಾಕ್ಸ್, ಅದರಲ್ಲೂ ಬಿಸಿ ಬೂದಿ ಬಂದು ಕೂರುವ ಬಾಗಿಲಿನ ಕೆಳಭಾಗ, ಕಲ್ಲಿದ್ದಲು ಉಜ್ಜಿ ಬಣ್ಣ ಕಿತ್ತುಬಂದ ಟೆಂಡರಿನ ಒಳಗೋಡೆ, ಇಂಥ ಕಡೆ ತುಕ್ಕು ಸಹಜ. ಬಾಯ್ಲರಿನ ನಡುಮೈಗೂ ಕೈಕಂಬಿಗೂ ಕಿತ್ತಳೆ ತುಕ್ಕು ಹಿಡಿಯುವುದು ಎಂಜಿನ್ ಕೆಲಸ ಬಿಟ್ಟು, ಗುಜರಿಗೆ ಹೋಗುವ ಸಾಲಿನಲ್ಲಿ ಮಳೆಗೆ ನೆನೆಯುತ್ತಾ ನಿಂತ ಮೇಲೆ. ಗುಜರಿಯ ಸಾಲಿನ ಎಂಜಿನ್ನನ್ನೇ ಮಾಡುತ್ತೇನೆ ಎಂದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ. ಆದರೆ ಈ ಫೋಟೋದ ಎಂಜಿನ್ ಹನ್ನೆರಡು ಬೋಗಿಗಳ ಎಕ್ಸ್‌ಪ್ರೆಸ್ ರೈಲನ್ನು ಎಳೆಯುತ್ತಿದೆ! ಎಳೆಯುವ ಎಂಜಿನ್ನಿಗೆ ಸತ್ತ ಎಂಜಿನ್ನಿನ ಚರ್ಮ ಹೊದಿಸಿದ್ದೇಕೆ?

ಡೀಸೆಲ್ ಮತ್ತು ವಿದ್ಯುತ್ ಎಂಜಿನ್ನುಗಳಲ್ಲೂ ಇದೇ ಅನ್ಯಾಯ ನಡೆಯುತ್ತದೆ. ಡೀಸೆಲ್ ಎಂಜಿನ್ನಿನ ಮಸಿ ಹೊಗೆ ಕಾರುವ ಬಾಯಿಯ ಸುತ್ತ ದಟ್ಟವಾಗಿದ್ದು ಚಾವಣಿಯುದ್ದಕ್ಕೂ ತೆಳುವಾಗುತ್ತಾ ಹೋಗಬೇಕು. ವಿದ್ಯುತ್ ಎಂಜಿನ್ನಿನಲ್ಲಿ ಹೊಗೆಯೇ ಇಲ್ಲ, ಅಲ್ಲಿ ಚಾವಣಿ ಕಪ್ಪಾಗುವುದು ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಚೌಕಟ್ಟಾದ ಪ್ಯಾಂಟೋಗ್ರಾಫಿನ ಕಾರ್ಬನ್ ಪಟ್ಟಿ ತಂತಿಗೆ ಉಜ್ಜಿ ಸವೆದ ಪುಡಿಯಿಂದ. ಎರಡಕ್ಕೂ ಒಂದೇ ಬಾಟಲಿಯ ‘ಕೊಳೆ ಬಣ್ಣ’ ಬಳಿದರೆ ಎರಡೂ ಎಂಜಿನ್ನುಗಳ ಜೀವನ ಅಳಿಸಿಹೋದಂತೆ.

ಬಣ್ಣಕ್ಕಿಂತಲೂ ಹೆಚ್ಚಾಗಿ ನನ್ನನ್ನು ಕಾಡುವುದು ಹೊಳಪಿನ ವಿಷಯ. ಕೆಲಸ ಮುಗಿದ ಮೇಲೆ ಇಡೀ ಮಾಡೆಲ್ ಮೇಲೆ ಮಂದ ವಾರ್ನಿಷ್ ಊದಿಬಿಡುವುದು ಒಂದು ಪದ್ಧತಿಯೇ ಆಗಿಹೋಗಿದೆ. ಧೂಳು ಮಂದವಾಗಿರಬೇಕು, ಸರಿ. ಆದರೆ ಪಿಸ್ಟನ್ ರಾಡಿನ ಮೇಲಿನ ಎಣ್ಣೆ ಹಸಿಹಸಿಯಾಗಿ ಮಿನುಗಬೇಕು, ಇಂಧನ ತುಂಬಿಸುವ ಮುಚ್ಚಳದ ಕೆಳಗೆ ಟ್ಯಾಂಕಿನ ಮೈಮೇಲೆ ಹರಿದ ಡೀಸೆಲ್ ಕಪ್ಪಗೆ ಹೊಳೆಯಬೇಕು, ಹತ್ತಿ ಇಳಿದು ಸವೆದ ಮೆಟ್ಟಿಲಿನ ಅಂಚು ಲೋಹದಂತೆ ಕಾಣಬೇಕು. ಒಂದೇ ವಾರ್ನಿಷ್ ಎಲ್ಲದರ ಮೇಲೂ ಬಿದ್ದಾಗ ಎಣ್ಣೆ, ಮಸಿ, ಧೂಳು ಎಂಬ ವ್ಯತ್ಯಾಸವೇ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಕೈಯಾರೆ ಉಜ್ಜಿ ಕೂರಿಸಿದ ತಿಳಿಬಣ್ಣದ ಪುಡಿಗಳು ವಾರ್ನಿಷ್ ತಾಗಿದ ಕೂಡಲೇ ಬಹುಪಾಲು ಮಾಯವಾಗುತ್ತವೆ. ಆಗ ಇನ್ನಷ್ಟು ಪುಡಿ, ಇನ್ನಷ್ಟು ಬಣ್ಣ, ಕೊನೆಗೆ ಸೂಕ್ಷ್ಮ ಗೆರೆಗಳೆಲ್ಲ ಮುಚ್ಚಿಹೋಗುವವರೆಗೆ ಇದು ನಡೆಯುತ್ತದೆ.

ಇದೆಲ್ಲ ಸಾಧ್ಯವಾಗದ ಕೆಲಸವೇನಲ್ಲ. ಅಕ್ರಿಲಿಕ್ ಬಣ್ಣದ ಮೇಲೆ ತೆಳುವಾದ ಎನಾಮೆಲ್ ಹಚ್ಚಿ, ಅದು ಪೂರ್ತಿ ಒಣಗುವ ಮೊದಲು ವೈಟ್ ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿಕೊಂಡ ಚಪ್ಪಟೆ ಬ್ರಶ್ಶನ್ನು ಮೇಲಿನಿಂದ ಕೆಳಕ್ಕೆ ಎಳೆದರೆ, ಮಳೆ ಇಳಿದ ಗುರುತು ತಾನಾಗಿಯೇ ಮೂಡುತ್ತದೆ, ರಿವೆಟ್ಟುಗಳ ಬುಡದಲ್ಲಿ ಒಂದಿಷ್ಟು ಕೊಳೆ ಉಳಿದುಕೊಳ್ಳುತ್ತದೆ. ಚಕ್ರಗಳ ಕೆಲಸವಂತೂ ನನಗೆ ಪರಮ ಸುಖದ ಹೊತ್ತು, ಹೇಳಿಕೊಳ್ಳಲು ಯಾವ ಸಂಕೋಚವೂ ಇಲ್ಲ. ಎಂಜಿನ್ನನ್ನು ಸ್ಪಂಜಿನ ತೊಟ್ಟಿಲಲ್ಲಿ ತಲೆಕೆಳಗಾಗಿ ಮಲಗಿಸಿ, ಚಕ್ರಗಳಿಗೆ ಎರಡು ತಂತಿಯಿಂದ ವಿದ್ಯುತ್ ಕೊಟ್ಟು, ಅವು ನಿಧಾನವಾಗಿ ತಿರುಗುತ್ತಿರುವಾಗಲೇ ಬಣ್ಣವನ್ನು ತೆಳುವಾಗಿ ಊದಬೇಕು. ನಿಂತ ಚಕ್ರಕ್ಕೆ ಊದಿದರೆ ಚಕ್ರಗಳನ್ನು ಜೋಡಿಸುವ ರಾಡಿನ ಹಿಂದೆ ಬಣ್ಣ ತಾಗದೆ ರಾಡಿನದೇ ಆಕಾರದ ಕಲೆ ಉಳಿದುಬಿಡುತ್ತದೆ, ಎಂಜಿನ್ ಒಂದು ಮಾರು ಚಲಿಸಿದರೆ ಸಾಕು, ಗುಟ್ಟು ರಟ್ಟಾಗುತ್ತದೆ. ಊದಿದ ಬಣ್ಣ ಗಟ್ಟಿಯಾಗುವ ಮೊದಲೇ ಹಳಿಗೆ ತಾಗುವ ಅಂಚನ್ನು ಒರೆಸಿಬಿಡಬೇಕು. ವಿದ್ಯುತ್ ಬರುವುದೇ ಅಲ್ಲಿಂದ.

ಬಿಡಿಭಾಗಗಳ ಬಗ್ಗೆಯೂ ನನ್ನ ತಕರಾರು ಇದೇ ಜಾತಿಯದು. ಪ್ಲಾಸ್ಟಿಕ್ಕಿನಲ್ಲೇ ಮೂಡಿಬಂದ ಕೈಕಂಬಿಯನ್ನು ಕೆರೆದು ತೆಗೆದು, ಸಣ್ಣ ತೂತು ಕೊರೆದು, 0.3 ಮಿ.ಮೀ. ಹಿತ್ತಾಳೆ ತಂತಿಯನ್ನು ಕೂರಿಸಿದರೆ ಅದು ಅಸಲಿ ಅಳತೆಯಲ್ಲಿ ಸುಮಾರು 26 ಮಿ.ಮೀ. ದಪ್ಪದ ಸಲಾಕೆಯಾಗುತ್ತದೆ, ಅಂಗೈಯಲ್ಲಿ ಹಿಡಿಯುವಂಥದ್ದು. ಟೆಂಡರಿಗೆ ನಿಜವಾದ ಕಲ್ಲಿದ್ದಲನ್ನೇ ಪುಡಿಮಾಡಿ ಹಾಕುವುದು ಒಳ್ಳೆಯದು, ಆದರೆ ಜರಡಿ ಹಿಡಿಯಬೇಕು. 10 ಸೆಂ.ಮೀ. ಉಂಡೆ 1:87ರಲ್ಲಿ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು, ಅಷ್ಟೇ. ನಾನು ನೋಡಿದ ಫೋಟೋದಲ್ಲಿ ಟೆಂಡರಿನ ತುಂಬ, ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ನನ ತಲೆಗಿಂತ ದೊಡ್ಡ ಬಂಡೆಗಳಿವೆ. ಅದನ್ನು ಅವನು ಸಲಿಕೆಯಲ್ಲಿ ಎತ್ತುವುದಾದರೂ ಹೇಗೆ?

‘ಇದೊಂದು ಹವ್ಯಾಸ, ಅವರವರ ಖುಷಿ ಅವರವರಿಗೆ’ ಎಂದು ಗೆಳೆಯರು ಹೇಳುತ್ತಾರೆ. ಒಪ್ಪುತ್ತೇನೆ. ಹೊಸ ಮಾಡೆಲನ್ನು ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಓಡಿಸುವವರ ಮೇಲೆ ನನಗೆ ಒಂದಿಷ್ಟೂ ಅಸಮಾಧಾನವಿಲ್ಲ. ವರ್ಕ್‌ಶಾಪಿನಿಂದ ಆಗಷ್ಟೇ ಹೊರಬಂದ ಎಂಜಿನ್ನೂ ಹಾಗೆಯೇ ಥಳಥಳಿಸುತ್ತಿತ್ತು, ಅದೂ ಸತ್ಯವೇ. ಆದರೆ ನೋಡದೆ ಬಳಿದ ಕೊಳೆ ಸತ್ಯವಲ್ಲ. ಮಾಡೆಲ್ ನೋಡಿ ಮಾಡೆಲ್, ಅದನ್ನು ನೋಡಿ ಇನ್ನೊಂದು ಮಾಡೆಲ್ ಎಂಬಂತೆ ನಕಲಿನ ನಕಲು ಹಬ್ಬುತ್ತಿದೆ, ಅಸಲಿ ಎಂಜಿನ್ನಿನ ಫೋಟೋವನ್ನು ಎದುರಿಗಿಟ್ಟುಕೊಳ್ಳುವ ಅಭ್ಯಾಸ ತಪ್ಪಿಹೋಗುತ್ತಿದೆ. ಖುಷಿಯ ಮಾತು ಇದಕ್ಕೆ ಉತ್ತರವಾಗಲಾರದು, ಏಕೆಂದರೆ ನೋಡಿ ಮಾಡುವುದರಲ್ಲಿರುವ ಖುಷಿಯೇ ದೊಡ್ಡದು.

‘ಮೂರಡಿ ದೂರದಿಂದ ಯಾರಿಗೆ ಗೊತ್ತಾಗುತ್ತದೆ’ ಎಂಬ ಇನ್ನೊಂದು ವಾದವಿದೆ. ಕ್ಯಾಮೆರಾಗೆ ಗೊತ್ತಾಗುತ್ತದೆ. ಅದು ಹತ್ತಿರ ಹೋದಂತೆಲ್ಲ, ಬ್ರಶ್ಶಿನಿಂದ ಉದುರಿದ ಒಂದು ಕೂದಲೂ ಬಾಯ್ಲರಿನ ಮೇಲೆ ಬಿದ್ದ ಹಗ್ಗದಂತೆ ಕಾಣುತ್ತದೆ. ಕೃತಕ ಕೊಳೆ ಬಳಿದ ಎಂಜಿನ್ನಿನ ಮೇಲೆ ಅಸಲಿ ಮನೆಧೂಳು ಕುಳಿತಿರುವುದನ್ನು ಎಷ್ಟು ಫೋಟೋಗಳಲ್ಲಿ ನೋಡಿಲ್ಲ! ಫೋಟೋ ತೆಗೆಯುವ ಮೊದಲು ಮೆತ್ತನೆಯ ಬ್ರಶ್ಶು ಆಡಿಸುವಷ್ಟು ವ್ಯವಧಾನವೂ ಇರುವುದಿಲ್ಲ.

ಫೋಟೋದ ಕೋನದಲ್ಲೂ ಇದೇ ಅಸಡ್ಡೆ. ನಿನ್ನೆಯ ಚಿತ್ರವನ್ನು ನಿಂತಲ್ಲಿಂದಲೇ, ಮೇಲಿನಿಂದ ಕೆಳಕ್ಕೆ ತೆಗೆದಿದ್ದಾರೆ. ರೈಲನ್ನು ನಾವು ನೋಡುವುದು ನೆಲದ ಮೇಲೆ ನಿಂತು. 1.6 ಮೀಟರ್ ಎತ್ತರದ ಕಣ್ಣು 1:87ರಲ್ಲಿ 18 ಮಿಲಿಮೀಟರಿಗೆ ಇಳಿಯುತ್ತದೆ. ಲೆನ್ಸ್ ಅಷ್ಟು ಕೆಳಗೆ ಬರಬೇಕು. ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಅದರ ಲೆನ್ಸ್ ಹಳಿಯ ಪಕ್ಕದ ಜಲ್ಲಿಗೆ ತಾಗುವಷ್ಟು ಕೆಳಗೆ ಹೋಗುತ್ತದೆ, ಸೆನ್ಸರ್ ಚಿಕ್ಕದಾದ್ದರಿಂದ ಹತ್ತಿರದ್ದೂ ದೂರದ್ದೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/22ರಷ್ಟು ಕಿರಿದಾಗಿಸಿದರೆ ಹತ್ತಿರದ್ದೂ ದೂರದ್ದೂ ಫೋಕಸಿಗೆ ಬಂದರೂ ಚಿತ್ರ ಒಟ್ಟಾರೆ ಮೆತ್ತಗಾಗುತ್ತದೆ, ಆದ್ದರಿಂದ ಟ್ರೈಪಾಡಿನ ಮೇಲಿಟ್ಟು ಮುಂದಿನಿಂದ ಹಿಂದಕ್ಕೆ ಫೋಕಸ್ ಸರಿಸುತ್ತಾ ಹಲವು ಚಿತ್ರ ತೆಗೆದು ಒಂದಾಗಿಸುವುದು ಮೇಲು. ಬೆಳಕು ಒಂದೇ ದಿಕ್ಕಿನಿಂದ ಬರಲಿ. ಇರುವುದೇ ಒಬ್ಬ ಸೂರ್ಯ. ಒಂದು ಎಂಜಿನ್ನಿಗೆ ಎರಡು ನೆರಳು ಬಿದ್ದರೆ, ವಾರಗಟ್ಟಲೆ ಮಾಡಿದ ವೆದರಿಂಗ್, ಅಂದರೆ ಈ ಕೊಳೆ, ತುಕ್ಕು, ಸವೆತ ಮೂಡಿಸುವ ಕೆಲಸ, ಅಲ್ಲಿಗೇ ಆಟಿಕೆಯಾಗಿಬಿಡುತ್ತದೆ.

ಈ ಮಾತಿಗೆಲ್ಲ ಬೆಲೆಯಿಲ್ಲ ಎನ್ನುವವರು ಅಮೆರಿಕದ ಮಾಡೆಲ್ ರೈಲುಗಾರ ಜಾನ್ ಆಲೆನ್ ಅವರ ಚಿತ್ರಗಳನ್ನು ನೋಡಬೇಕು. ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಅವರು ಕಟ್ಟಿದ ‘ಗೋರಿ ಅಂಡ್ ಡಿಫೀಟೆಡ್’ ಲೇಔಟ್, ಅಂದರೆ ಪುಟ್ಟ ರೈಲುಮಾರ್ಗ, ಈಗಿಲ್ಲ. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಆದರೆ ಅವರು ವೃತ್ತಿಯಿಂದ ಛಾಯಾಗ್ರಾಹಕರು. ಮಾಡೆಲ್ ಎಂದರೆ ಹೊಳೆಯುತ್ತಿರಬೇಕು ಎಂದು ಬಹುತೇಕರು ನಂಬಿದ್ದ ಕಾಲದಲ್ಲಿ ಎಂಜಿನ್ನುಗಳಿಗೂ ಕಟ್ಟಡಗಳಿಗೂ ಬಿಸಿಲು ಮಳೆಯ ಗುರುತು ಹಾಕಿ, ಕನ್ನಡಿಗಳನ್ನಿಟ್ಟು ಜಾಗವನ್ನು ಹಿಗ್ಗಿಸಿ, ಬೆಳಕನ್ನು ಯೋಚಿಸಿ ಇಟ್ಟು ತೆಗೆದ ಅವರ ಚಿತ್ರಗಳಿಂದಲೇ ಇವತ್ತಿಗೂ ಆ ರೈಲುಮಾರ್ಗವನ್ನು ನಾವು ಬಲ್ಲೆವು. ಲೇಔಟ್ ಹೋದರೂ ಚಿತ್ರ ಉಳಿಯಿತು, ಚಿತ್ರದಲ್ಲಿ ಆ ಕೊಳೆಯೂ ಉಳಿಯಿತು.

ನಿನ್ನೆಯ ಫೋಟೋದ ಕೆಳಗೆ ನಾನು ಬರೆದದ್ದು ಒಂದೇ ಸಾಲು: ‘ಯಾವ ಎಂಜಿನ್ನನ್ನು ನೋಡಿ ಇದನ್ನು ಮಾಡಿದಿರಿ, ಅದರ ಚಿತ್ರವನ್ನೂ ಹಾಕುವಿರಾ?’ ಇನ್ನೂ ಉತ್ತರ ಬಂದಿಲ್ಲ. ಅದಕ್ಕೇ ಗೆಳೆಯರಾದ ನಿಮ್ಮಲ್ಲೂ ಕೇಳುತ್ತಿದ್ದೇನೆ. ಮುಂದೆ ನೀವು ಮಾಡೆಲಿನ ಫೋಟೋ ಹಾಕುವಾಗ, ನೀವು ನೋಡಿಕೊಂಡು ಕೆಲಸ ಮಾಡಿದ ಅಸಲಿ ಎಂಜಿನ್ನಿನ ಚಿತ್ರವನ್ನೂ ಪಕ್ಕದಲ್ಲಿ ಹಾಕಿ. ಅದು ಯಾವ ವರ್ಷದ್ದು, ಶೆಡ್ಡಿನಿಂದ ಹೊರಟಾಗಿನದೋ ಓಡಾಟ ಮುಗಿಸಿ ಬಂದಾಗಿನದೋ ಎಂಬುದು ಗೊತ್ತಿದ್ದರೆ ಅದನ್ನೂ ಬರೆಯಿರಿ. ನಾನು ಎರಡನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಒಂದೊಂದು ಗೀರನ್ನೂ ನೋಡುತ್ತೇನೆ.