ಅಜ್ಜಿಯ ಪವನ್, ನನ್ನ ಪ್ರೂಫ್ ಕಾಯಿನ್ನು

ನಮ್ಮ ಮಂಗಳೂರು ಕಡೆ ಈಗ್ಲೂ ಚಿನ್ನ ಅಂದ್ರೆ ಪವನ್ ಲೆಕ್ಕನೇ, ಒಂದ್ ಪವನ್ 8 ಗ್ರಾಂ. ಅದು ಬ್ರಿಟಿಷರ ಸಾವರಿನ್ ನಾಣ್ಯದ ತೂಕ, ಪಕ್ಕಾ ಲೆಕ್ಕ ಹಾಕಿದ್ರೆ 7.98 ಗ್ರಾಂ, 22 ಕ್ಯಾರೆಟ್ ಅಂತ ನಂಗೆ ಗೊತ್ತಾಗಿದ್ದು ಇಂಗ್ಲೆಂಡಿಗೆ ಬಂದ್ಮೇಲೆ. ಅಲ್ಲಿಂದ ಶುರುವಾಯ್ತು ನೋಡಿ ಹುಚ್ಚು.

ಮೊದಲು ತಗೊಂಡಿದ್ದು 1979ರ ಪ್ರೂಫ್ ಸಾವರಿನ್, ಅಂದ್ರೆ ಕಲೆಕ್ಟರ್‌ಗಳಿಗೆ ಅಂತ್ಲೇ ಹೊಡೆದಿದ್ದು. ಮಾರಿದವ ಲಿಮಿಟೆಡ್ ಇಶ್ಯೂ ಸಾರ್ ಅಂತ ನಾಲ್ಕು ಸಲ ಹೇಳಿದ, ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸೂ ಇಲ್ಲ ಅಂದ (ನಿಜ, ಆದ್ರೆ ಮೊದಲು ಗೇನ್ ಅಂತ ಒಂದು ಆಗ್ಬೇಕಲ್ಲ ಮಾರಾಯ್ರೇ). ಆಮೇಲೆ ನೋಡಿದ್ರೆ ಆ ವರ್ಷ ಹೊಡೆದಿದ್ದು 50,000! ಎರಡು ವರ್ಷ ಬಿಟ್ಟು ದುಡ್ಡು ಬೇಕಾಯ್ತು ಅಂತ ಒಂದು ಅಂಗಡಿಗೆ ಒಯ್ದೆ, ಅವನು ಡಬ್ಬಿ ಕಡೆ ಕಣ್ಣೂ ಹಾಯಿಸ್ಲಿಲ್ಲ, ತಕ್ಕಡಿಗೆ ಹಾಕಿ ಚಿನ್ನದ ರೇಟಿಗಿಂತ ಚೂರು ಕಮ್ಮಿನೇ ಹೇಳಿದ. ತಪ್ಪು ನಂದೂ ಇತ್ತು ಬಿಡಿ. ಪ್ರೂಫ್ ಅಂದ್ರೆ ಪಾಲಿಶ್ ಮಾಡಿದ ಅಚ್ಚಲ್ಲಿ ಒಂದಕ್ಕಿಂತ ಹೆಚ್ಚು ಸಲ ಒತ್ತಿರ್ತಾರೆ, ಚಿತ್ರದ ಸುತ್ತ ಇರೋ ಖಾಲಿ ಜಾಗ ಕನ್ನಡಿ ಥರ, ಚಿತ್ರ ಮಾತ್ರ ಮಂಜು ಹಿಡಿದ ಹಾಗೆ. ನಾನೋ ಫ್ರೆಂಡಿಗೆ ತೋರಿಸೋಕೆ ಕ್ಯಾಪ್ಸೂಲ್ ಬಿಚ್ಚಿ ರಾಣಿ ಮುಖದ ಮುಂದೆನೇ ಹೆಬ್ಬೆಟ್ಟು ಒತ್ತಿದ್ದೆ, ಪತ್ರಕ್ಕೆ ಒತ್ತಿದಂಗೆ.

ನನ್ನ ತಕರಾರು ಇಷ್ಟೇ, ಬ್ರಿಟನ್ನಿನ ಟಂಕಸಾಲೆ ರಾಯಲ್ ಮಿಂಟ್‌ನವರು ಸಾವರಿನ್ನಲ್ಲೇ ಕಾಲು, ಅರ್ಧ, ಒಂದು, ಎರಡು, ಐದು ಅಂತ ಸೈಜು ಮಾಡಿ, ಮೇಲೊಂದು ಪೀಡ್‌ಫೋರ್ಟ್ ಅನ್ನೋ ದಪ್ಪನೆ ನಾಣ್ಯ ತೆಗೆದು, ಪ್ರತಿಯೊಂದಕ್ಕೂ ಬೇರೆ ಬೇರೆ ಲಿಮಿಟ್ ಇಟ್ರೆ ಅದು ಯಾವ ಸೀಮೆ ಲಿಮಿಟ್ಟು? ಅಪರೂಪ ಅನ್ನೋದು ಡಬ್ಬಿ ಮೇಲೆ ಬರೆದು ಬರಲ್ಲ. 1989ರದ್ದು ನೋಡಿ, ಸಾವರಿನ್ನಿಗೆ 500 ವರ್ಷ ತುಂಬಿದಾಗ ಬಂದಿದ್ದು, ಸಾವರಿನ್ ಮೇಲೆ ಮಾಮೂಲಾಗಿ ಇರೋ, ಪಿಸ್ಟ್ರುಚ್ಚಿ ಅನ್ನೋ ಕಲಾವಿದ ಮಾಡಿದ ಕುದುರೆ ಮೇಲಿನ ಸಂತ ಜಾರ್ಜೂ ಇಲ್ಲ ಡ್ರ್ಯಾಗನ್ನೂ ಇಲ್ಲ, ಎಲಿಜಬೆತ್ ಸಿಂಹಾಸನದ ಮೇಲೆ ಕೂತು ಎದುರಿಗೇ ನೋಡ್ತಾಳೆ, ನಾಣ್ಯದ ಹಿಂಬದಿಗೆ ದೊಡ್ಡ ಗುಲಾಬಿ ಮೇಲೆ ಗುರಾಣಿ. ಆ ಡಿಸೈನ್ ಆ ಒಂದೇ ವರ್ಷ. ಅದಕ್ಕೆ ಇವತ್ತಿಗೂ ಜನ ಚಿನ್ನದ ಬೆಲೆಗಿಂತ ಎಷ್ಟೋ ಮೇಲೆ ಕೊಡ್ತಾರೆ. ನನ್ನತ್ರ ಇಲ್ಲ, ಹೊಟ್ಟೆ ಉರಿಯುತ್ತೆ.

ಆದ್ರೆ ಈಗ ನಾನು ಹುಡುಕ್ತಿರೋದು ಪ್ರೂಫೇ ಅಲ್ಲ, 1918ರಲ್ಲಿ ಬಾಂಬೆ ಟಂಕಸಾಲೆಯಲ್ಲಿ ಹೊಡೆದ ಸಾಧಾರಣ ಸಾವರಿನ್. ಅಲ್ಲಿ ಅದನ್ನ ಹೊಡೆದಿದ್ದು ಆ ಒಂದು ವರ್ಷ ಮಾತ್ರ, ಹನ್ನೆರಡು ಲಕ್ಷದ ಮೇಲೆ ಹೊಡೆದ್ರು, ಹಾಗಾಗಿ ಲಿಮಿಟೆಡ್ ಅಂತ ಯಾರೂ ಕೂಗಲ್ಲ. ಗುರುತು ಒಂದೇ, ಇಸವಿ ಮೇಲೆ ಕುದುರೆ ನಿಂತಿರೋ ನೆಲದ ಗೆರೆಯಲ್ಲಿ ಪುಟಾಣಿ ಇಂಗ್ಲಿಷ್ ಅಕ್ಷರ ‘ಐ’.

ಅಜ್ಜಿಯ ಸರದಲ್ಲಿ ಜಾರ್ಜ್ ರಾಜನ ಒಂದು ಪವನ್ ಇದೆ, ಕೊಂಡಿ ಬೆಸುಗೆ ಹಾಕಿದ್ದು, ರಾಜನ ಮೀಸೆ ಸವೆದೇ ಹೋಗಿದೆ, ಯಾವ ಕಲೆಕ್ಟರೂ ಮೂಸಲ್ಲ. ಮೊನ್ನೆ ವಿಡಿಯೋ ಕಾಲಲ್ಲಿ ಅಮ್ಮಂಗೆ ತಿರುಗಿಸಿ ನೋಡೋಕೆ ಹೇಳಿದೆ. ಕನ್ನಡಕ ಹುಡುಕಿ ಹಾಕ್ಕೊಂಡು, "ಸಾವಿರದ ಒಂಬೈನೂರ ಹದಿನೆಂಟು ಅಂತ ಉಂಟು, ಅದ್ರ ಮೇಲೆ ಎಂತದೋ ಚುಕ್ಕಿ ಉಂಟು ಮಗಾ, ಅಕ್ಷರವೋ ಕೊಳೆಯೋ ಗೊತ್ತಾಗುದಿಲ್ಲ, ಬ್ರಶ್ಶಲ್ಲಿ ಉಜ್ಜುದಾ?" ಅಂದ್ರು.

ಬೇಡ ಬೇಡ ಬೇಡ ಅಂತ ಕಿರುಚಿದ್ದಕ್ಕೆ ಪಕ್ಕದ ಮನೆ ನಾಯಿ ಬೊಗಳಿತು. ಡಿಸೆಂಬರಲ್ಲಿ ಊರಿಗೆ ಹೋಗ್ತಿದೀನಿ, ಭೂತಗನ್ನಡಿ ಈಗ್ಲೇ ಬ್ಯಾಗಿಗೆ ಹಾಕಿಟ್ಟಿದೀನಿ.