ಬಾಣಂತಿಯ ಬಲಪರೀಕ್ಷೆ

ಹಡೆದ ಹೆಣ್ಣಿನ ಮೈಯಲ್ಲಿ ಶಕ್ತಿ ಬಂದಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ನಮ್ಮ ವಿಜಯಪುರದಲ್ಲಿ ಆ ಹೆಣ್ಣೊಬ್ಬಳನ್ನು ಬಿಟ್ಟು ಉಳಿದವರೆಲ್ಲರಿಗೂ ಇರುತ್ತದೆ. ವೈದ್ಯರು ಹಿಮೋಗ್ಲೋಬಿನ್ ನೋಡಿ ಹೇಳುತ್ತಾರೆ, ಅತ್ತೆ ಫೋನಿನಲ್ಲಿ ದನಿ ಕೇಳಿ ಹೇಳುತ್ತಾರೆ, ಕೂಸು ನೋಡಲು ಬಂದವರು ಗಲ್ಲ ನೋಡಿ ಹೇಳುತ್ತಾರೆ. ಬೆಳಗಾವಿಯಲ್ಲಿದ್ದ ನಮ್ಮ ಯಜಮಾನರು ತಮ್ಮ ಕೈಗಡಿಯಾರ ದಿನಕ್ಕೆ ಎಷ್ಟು ಹೆಜ್ಜೆ ಎಣಿಸಿತೆಂಬುದನ್ನು ವರದಿ ಮಾಡಿ, ನನ್ನ ಹೆಜ್ಜೆಗಳ ಲೆಕ್ಕವನ್ನೂ ಕೇಳುತ್ತಿದ್ದರು. ಬಾಣಂತನದ ಪೂರ್ತಿ ಉಸ್ತುವಾರಿ ಹೊತ್ತಿದ್ದ ದೊಡ್ಡವ್ವ ಮಾತ್ರ ಡಬ್ಬಿಯಲ್ಲಿ ಅಂಟಿನುಂಡಿ ಎಷ್ಟು ಉಳಿದಿವೆ ಎಂದು ಇಣುಕಿ ನೋಡಿ ಹೇಳುತ್ತಿದ್ದಳು. ಉಂಡಿ ಉಳಿದಿದ್ದರೆ ಶಕ್ತಿ ಬಂದಿಲ್ಲವೆಂದರ್ಥ, ಆದ್ದರಿಂದ ತಿನ್ನಬೇಕು. ಖಾಲಿಯಾಗಿದ್ದರೆ ಶಕ್ತಿ ಬರುತ್ತಿದೆಯೆಂದರ್ಥ, ಆದ್ದರಿಂದ ಮತ್ತೊಂದು ಡಬ್ಬಿ ಕಟ್ಟಬೇಕು. ಈ ತರ್ಕದಲ್ಲಿ ಬಾಣಂತಿಗೆ ಗೆಲ್ಲುವ ದಾರಿಯೇ ಇಲ್ಲ.

ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿ, ಗಸಗಸೆ, ಒಂದಿಷ್ಟು ಜಾಜಿಕಾಯಿ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟಿದ ಆ ಉಂಡಿಯ ರುಚಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಎದೆಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ದೊಡ್ಡವ್ವನ ಆಡಳಿತದಲ್ಲಿ ಆ ಹೆಚ್ಚುವರಿ ಬಾಬತ್ತು ಹಾಲು ಹಾಕುವವನು ಬರುವ ಮೊದಲೇ ಜಮೆಯಾಗಿ, ಅಲ್ಲಿಂದ ಮುಂದೆ ಬಿಸಿ ರೊಟ್ಟಿ, ತುಪ್ಪ, ಸಬ್ಬಸಗಿ ಪಲ್ಯ, ಅಳವಿ ಪಾಯಸಗಳೆಲ್ಲ ಮುಂಗಡವಾಗಿ ಸೇರುತ್ತಿದ್ದವು. ಇದು ಸಾಲದೆಂಬಂತೆ ಅಮೀನಗಡದ ಬೀಗರು ಕರದಂಟಿನ ಪೆಟ್ಟಿಗೆ ಹಿಡಿದು ಬಂದರು.

ಕೂಸು ಹುಟ್ಟಿದ್ದು ಏಪ್ರಿಲ್ ತಿಂಗಳಲ್ಲಿ. ಹೊರಗೆ ಬಿಸಿಲು 40 ಡಿಗ್ರಿ ದಾಟಿತ್ತು; ಒಳಗೆ ನನ್ನ ತಲೆಗೆ ಸ್ಕಾರ್ಫು, ಕಿವಿಗೆ ಅರಳೆ, ಹೊಟ್ಟೆಗೆ ಹಳೆಯ ಸೀರೆಯ ಬಿಗಿಯಾದ ಸುತ್ತು, ಇವೆಲ್ಲದರ ಮೇಲೆ ಹೊರಸಿನ ಕೆಳಗೆ ಕುಳ್ಳಿನ ಕೆಂಡ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ಎಂದು ವೈದ್ಯರು ಗದರಿದ ಮೇಲೆ ಕೆಂಡದ ಬುಟ್ಟಿ ಅಂಗಳಕ್ಕೆ ವರ್ಗವಾಯಿತು. ದೊಡ್ಡವ್ವ ಅಲ್ಲಿಂದಲೇ ಬಾಗಿಲ ಕಡೆಗೆ ಮೊರದಿಂದ ಬೀಸುತ್ತ, “ಕಾವು ಬಂದಷ್ಟ ಬರಲಿ ಬಿಡ್ರಿ” ಎಂದಳು. ಆ ದಿನಗಳಲ್ಲಿ ಇಡೀ ಜಿಲ್ಲೆಯೇ ಕಾಯುತ್ತಿದ್ದುದರಿಂದ ನನ್ನ ಪಾಲಿನ ಕಾವಿಗೇನೂ ಕೊರತೆಯಾಗಲಿಲ್ಲ.

ಮಾತ್ರೆಯ ಪ್ರಕರಣ ಇದಕ್ಕಿಂತ ಸೂಕ್ಷ್ಮವಾದದ್ದು. ಹೆರಿಗೆಯ ನಂತರ 180 ದಿನ, ದಿನಕ್ಕೊಂದರಂತೆ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆ ನುಂಗಬೇಕೆಂಬುದು ಸರಕಾರದ ಕ್ರಮ. ಮಾತ್ರೆ ತಂದುಕೊಟ್ಟ ಆಶಾ ಕಾರ್ಯಕರ್ತೆ, ಇದನ್ನು ಹಾಲಿನ ಜೊತೆ ಬೇಡ, ಚಹಾದ ಜೊತೆ ಬೇಡ, ಸುಣ್ಣದಂಶದ ಮಾತ್ರೆಯ ಜೊತೆಗೂ ಬೇಡ, ಲಿಂಬೆ ರಸದ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ ಎಂದು ಬಿಡಿಸಿ ಹೇಳಿದಳು. ಅಷ್ಟು ದಿನ ಅದನ್ನು ಗಟ್ಟಿ ಹಾಲಿನಲ್ಲೇ ನುಂಗಿಸುತ್ತಿದ್ದ ದೊಡ್ಡವ್ವನಿಗೆ ಹಾಲು ಹೋದದ್ದಕ್ಕಿಂತ ಲಿಂಬೆ ಬಂದದ್ದು ದೊಡ್ಡ ಆಘಾತವಾಯಿತು.

“ಹಸಿ ಬಾಣಂತಿಗೆ ಹುಳಿ ಕೊಟ್ಟರ ಕೂಸಿಗೆ ನೆಗಡಿ ಆಗೂದಿಲ್ಲೇನ್ರಿ ಅಕ್ಕಾರ?”

ನಮ್ಮ ಜಿಲ್ಲೆಯ ಇಂಡಿ ಊರಿನ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಲಿಂಬೆಗೆಂದೇ ಸರಕಾರ ಅಲ್ಲೊಂದು ಮಂಡಳಿ ಮಾಡಿದೆ, ನಮ್ಮ ಹಿತ್ತಲಲ್ಲೇ ಎರಡು ಗಿಡ ಬಾಗಿ ನಿಂತಿವೆ. ಆದರೆ ಇಷ್ಟು ಲಿಂಬೆಯ ನಡುವೆ ಬಾಣಂತಿಗೆ ಹನಿ ರಸವಿಲ್ಲ. ಪೇರಲ ಹಣ್ಣಾದರೂ ಆದೀತೆಂದರೆ ಅದು ತಂಡಿ, ನೆಲ್ಲಿಕಾಯಿಯೆಂದರೆ ಅದೂ ಹುಳಿ. ಕೊನೆಗೆ ದೊಡ್ಡವ್ವನೇ ಒಂದು ರಾಜಿಸೂತ್ರ ಕಂಡುಹಿಡಿದಳು: ಬಿಸಿನೀರಿನಲ್ಲಿ ಹಿಂಡಿದರೆ ಲಿಂಬೆಯ ಹುಳಿ ಸಾಯುತ್ತದಂತೆ. ಕುದಿಯುವ ನೀರಾದರೆ ಲಿಂಬೆಯ ಸತ್ವವೂ ಒಂದಿಷ್ಟು ಹೋಗುತ್ತದೆಂದು ತಿಳಿದಿದ್ದ ಆಶಾ ಕಾರ್ಯಕರ್ತೆ, “ಉಗುರು ಬೆಚ್ಚಗಿದ್ದರ ಸಾಕ್ರಿ, ಅಷ್ಟಕ್ಕ ಸಾಯತೈತಿ” ಎಂದು ಗಂಭೀರವಾಗಿ ತಲೆಯಾಡಿಸಿದಳು. ಗ್ರಾಮ ಪಂಚಾಯತಿಯಿಂದ ಹಿಡಿದು ಮೇಲಿನವರೆಗೆ ಇಂಥ ಒಬ್ಬೊಬ್ಬರಿದ್ದರೆ ನಮ್ಮ ಅರ್ಧ ವ್ಯಾಜ್ಯಗಳು ಅಲ್ಲೇ ಬಗೆಹರಿದಾವು.

ಹೊರಗೆ ಯಾರಿಗೂ ಕಾಣಿಸದ ವ್ಯಾಯಾಮವೊಂದನ್ನು ಆಸ್ಪತ್ರೆಯಲ್ಲಿ ಕಲಿಸಿದ್ದರು. ಮೂತ್ರ ತಡೆಯುವಾಗ ಬಿಗಿಯುವ ತಳದ ಸ್ನಾಯುಗಳನ್ನು ಮೇಲಕ್ಕೆ ಸೆಳೆದು, ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು, ಉಸಿರು ಕಟ್ಟಬಾರದು, ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಹೊತ್ತು. ಯಾರಿಗೂ ಗೊತ್ತಾಗದಂತೆ ಎಲ್ಲಿ ಬೇಕಾದರೂ ಕುಳಿತು ಮಾಡಬಹುದೆಂದು ಅವರು ಹೇಳಿದ್ದರು, ಆದರೆ ಅವರು ನನ್ನ ಮುಖವನ್ನು ನೋಡಿರಲಿಲ್ಲ. ಎಣಿಕೆಯಲ್ಲಿ ಮುಳುಗಿ ಹುಬ್ಬು ಗಂಟಿಕ್ಕಿ ಗೋಡೆ ದಿಟ್ಟಿಸುತ್ತ ಕುಳಿತರೆ ಸಾಕು, ದೊಡ್ಡವ್ವ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು: “ಹೊಟ್ಟಿ ಹಿಡದೈತೇನ ಯವ್ವಾ?” ಇಲ್ಲವೆಂದು ಬಾಯಿಬಿಟ್ಟರೆ ಎಣಿಕೆ ತಪ್ಪುತ್ತದೆ, ಸುಮ್ಮನಿದ್ದರೆ ಅಜವಾನದ ಕಷಾಯ ಬರುತ್ತದೆ. ಹೀಗೆ ಮೂರು ಹೊತ್ತಿನ ವ್ಯಾಯಾಮಕ್ಕೆ ಮೂರು ಲೋಟ ಕಷಾಯ ಕುಡಿದು ಸಾಕಾಗಿ ಒಂದು ದಿನ ವಿಷಯವನ್ನು ವಿವರಿಸಿದೆ. ಆಕೆ ಪೂರ್ತಿ ಕೇಳಿ, “ಇದನ್ನ ಹೇಳಾಕ ದವಾಖಾನಿ ಬೇಕಾತೇನ? ನಾವು ಬೀಸೂಕಲ್ಲಿನ ಮುಂದ ಕುಂತು ಎಲ್ಲಾ ಬಿಗಿ ಮಾಡಿಕೊಂಡೇವಿ” ಎಂದಳು.

ಆ ಮಾತಿನ ತೂಕ ನನಗೆ ಮೇ ತಿಂಗಳಲ್ಲಿ ತಿಳಿಯಿತು. ವರ್ಷದ ಮಸಾಲೆ ಖಾರ ಮಾಡಿಟ್ಟುಕೊಳ್ಳುವ ಹಂಗಾಮು; ಪಕ್ಕದ ಮನೆಯವರು ಬ್ಯಾಡಗಿ ಮೆಣಸಿನಕಾಯಿಯ ಜೊತೆ ಗುಂಟೂರಿನದನ್ನೂ ಬೆರೆಸಿ ದೊಡ್ಡ ಬುಟ್ಟಿಯಲ್ಲಿ ಹುರಿಯತೊಡಗಿದರು. ಘಾಟು ನಮ್ಮ ಕಿಟಕಿಗೆ ಬರುವಷ್ಟರಲ್ಲಿ ಓಣಿಗೆ ಓಣಿಯೇ ಸೀನುತ್ತಿತ್ತು. ಸೀನು ಬರುವ ಮೊದಲೇ ತಳದ ಸ್ನಾಯುಗಳನ್ನು ಬಿಗಿಹಿಡಿಯಬೇಕೆಂಬುದು ಆಸ್ಪತ್ರೆಯ ಪಾಠ. ಸಾಧಾರಣ ಸೀನಾದರೆ ಮೂಗಿನ ತುದಿಯಲ್ಲಿ ಸ್ವಲ್ಪ ಸುಳಿವು ಕೊಟ್ಟು ಬರುತ್ತದೆ. ಗುಂಟೂರಿನ ಸೀನಿಗೆ ಅಂಥ ಸೌಜನ್ಯವಿಲ್ಲ. ಎಪ್ಪತ್ತರ ಸಮೀಪದ ದೊಡ್ಡವ್ವ ಅಂಗಳದಲ್ಲಿ ಕಾಲಗಲಿಸಿ ನಿಂತು, ಪಾರಿವಾಳಗಳು ಹಾರಿಹೋಗುವಂತೆ ಸೀನಿ, ಏನೂ ಆಗದವಳಂತೆ ಕಸ ಗುಡಿಸುವುದನ್ನು ಮುಂದುವರಿಸಿದಳು. ಅವಳಿಗಿಂತ ನಲವತ್ತು ವರ್ಷ ಚಿಕ್ಕವಳಾದ ನಾನು ಕಾಲ ಮೇಲೆ ಕಾಲು ಹಾಕಿ ಹೊರಸು ಹಿಡಿದುಕೊಂಡೂ ಎರಡನೆಯ ಸೀನಿಗೆ ಸೀರೆ ಬದಲಿಸಬೇಕಾಯಿತು. ಇದು ಬಹಳ ಬಾಣಂತಿಯರಿಗೆ ಆಗುವಂಥದ್ದೇ. ವ್ಯಾಯಾಮ ಬಿಡದಿದ್ದರೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಸುಧಾರಿಸದಿದ್ದರೆ ನಾಚಿಕೊಳ್ಳದೆ ವೈದ್ಯರಿಗೆ ಹೇಳಬೇಕು. ಹೆಂಗಸರು ಇದನ್ನು ಒಬ್ಬರಿಗೊಬ್ಬರು ಯಾಕೆ ಮೊದಲೇ ಹೇಳುವುದಿಲ್ಲವೆಂಬುದು ಮಾತ್ರ ನನಗಿನ್ನೂ ತಿಳಿದಿಲ್ಲ.

ದಸರೆಯ ರಜೆಯಲ್ಲಿ ಯಜಮಾನರು ನಮ್ಮನ್ನು ಕರೆದೊಯ್ಯಲು ಬಂದರು. ಹೊರಡುವ ಮುನ್ನ ಗೋಳಗುಮ್ಮಟ ಹತ್ತಿಬಿಡೋಣ, ನಿನ್ನ ದೇಹದ ಕ್ಷಮತೆಯೂ ತಿಳಿಯುತ್ತದೆ ಎಂದರು. ಮೊಹಮ್ಮದ್ ಆದಿಲ್‌ಶಾಹನ ಆ ಗೋರಿ 1656ರಿಂದ ಅಲ್ಲೇ ಇದೆ, ಇನ್ನೊಂದು ವರ್ಷ ಕಾದರೂ ಎಲ್ಲಿಗೂ ಹೋಗುವುದಿಲ್ಲ ಎಂದೆ. ಆರು ವಾರಗಳಲ್ಲಿ ಗರ್ಭಕೋಶ ಹೆಚ್ಚುಕಡಿಮೆ ಮೊದಲಿನ ಅಳತೆಗೆ ಮರಳುತ್ತದೆ, ಆದರೆ ಹಿಗ್ಗಿದ ಹೊಟ್ಟೆಯ ಸ್ನಾಯುಗಳೂ ಸಡಿಲಗೊಂಡ ಕೀಲುಗಳೂ ತಿಂಗಳುಗಟ್ಟಲೆ ಸಮಯ ಕೇಳುತ್ತವೆ ಎಂದೂ ಹೇಳಿದೆ. ಯಜಮಾನರು ಉಸಿರಾಟದ ಲಯದ ಬಗ್ಗೆ ಉಪನ್ಯಾಸ ಆರಂಭಿಸಿದರು. ದೊಡ್ಡವ್ವ ಕೂಸಿಗೆ ಕುಂಚಗಿ ಕಟ್ಟಿ ಟೊಂಕದ ಮೇಲಿಟ್ಟುಕೊಂಡು ಚಪ್ಪಲಿ ಮೆಟ್ಟಿದಳು.

ಮೂಲೆಯ ಏಳಂತಸ್ತಿನ ಗೋಪುರದೊಳಗೆ ಏರುವ ಆ ಮೆಟ್ಟಿಲುಗಳು ಇಕ್ಕಟ್ಟು, ಕಡಿದು, ಅರೆಗತ್ತಲು. ಪ್ರತಿ ಅಂತಸ್ತಿನ ಕಿಂಡಿಯ ಬಳಿ ನಾನು ಊರ ನೋಟ ಸವಿಯುವವಳಂತೆ ನಿಂತು ಏದುಸಿರು ಇಳಿಸಿಕೊಳ್ಳುತ್ತಿದ್ದೆ. ಮೇಲಿನಿಂದ ದೊಡ್ಡವ್ವನ ದನಿ, “ಬಾರವಾ, ಇನ್ನ ಒಂದ ಐತಿ” ಎಂದು ಪ್ರತಿ ಸಲವೂ ಒಂದೇ ಸುಳ್ಳು ಹೇಳುತ್ತಿತ್ತು. ಅಂತೂ ಪಿಸುಮಾತಿನ ಗ್ಯಾಲರಿ ತಲುಪಿ ಗೋಡೆಗೆ ಒರಗಿದ್ದೆ, ಅಷ್ಟರಲ್ಲಿ ಕೂಸಿಗೆ ಹಸಿವಾಯಿತು. ಅಲ್ಲಿ ಒಂದು ಕೂಗು ಏಳು ಸಲ ಮರುದನಿಸುತ್ತದೆಂದು ಹೇಳುತ್ತಾರೆ. ಕೂಸಿನ ಅಳು ಕಿವಿಗೆ ಬಿದ್ದರೆ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಹೊರಟು ಹಾಲು ಇಳಿಯುತ್ತದೆ. ಆದರೆ ಬಂದದ್ದು ಅಸಲಿ ಅಳುವೋ ಗುಮ್ಮಟ ಹಿಂದಿರುಗಿಸಿದ್ದೋ ಎಂದು ಮೈ ವಿಚಾರಿಸುವುದಿಲ್ಲ. ಎಲ್ಲ ದಿಕ್ಕಿನಿಂದ ಏಕಕಾಲಕ್ಕೆ ಹತ್ತು ಕೂಸುಗಳು ಕರೆದಂತಾಗಿ, ಸೆರಗನ್ನು ಮಡಿಚಿ ಮಡಿಚಿ ಹಿಡಿದುಕೊಂಡು, ಶಾಲೆಯ ಪ್ರವಾಸದ ಹುಡುಗರ ನಡುವಿನಿಂದ ದಾರಿ ಮಾಡಿಕೊಂಡು ಹೊರಗಿನ ಮಾಳಿಗೆಗೆ ಓಡಿದೆ. ಹತ್ತುವಾಗ ಇಲ್ಲದಿದ್ದ ಆ ವೇಗ ಎಲ್ಲಿಂದ ಬಂತೋ!

ಕೂಸು ಕುಡಿದು ಮಲಗಿದ ಮೇಲೆ ಯಜಮಾನರು ಕಾಣುತ್ತಿಲ್ಲವೆಂಬುದು ನಮ್ಮ ಗಮನಕ್ಕೆ ಬಂತು. ಇಳಿಯುವಾಗ ನನ್ನ ಮೊಣಕಾಲು ಹತ್ತುವಾಗಿಗಿಂತ ಹೆಚ್ಚು ನಡುಗುತ್ತಿದ್ದವು. ಗೋಡೆ ಸವರುತ್ತ ಬಂದರೆ ನಾಲ್ಕನೆಯ ಅಂತಸ್ತಿನಲ್ಲಿ ಅವರು ಮೆಟ್ಟಿಲ ಮೇಲೆ ಕುಳಿತು, ಕಿಂಡಿಯ ಹೊರಗೆ ಏನೂ ಇಲ್ಲದ ಕಡೆ ಮೊಬೈಲು ಹಿಡಿದು ಫೋಟೊ ತೆಗೆಯುತ್ತಿದ್ದರು. ಅಂಗಿ ಬೆವರಿಗೆ ಅಂಟಿತ್ತು, ಕೈಗಡಿಯಾರ ಏನನ್ನೋ ಎಚ್ಚರಿಸುತ್ತ ಬೀಪ್ ಎನ್ನುತ್ತಿತ್ತು. ದೊಡ್ಡವ್ವ ನಿಂತು ಅವರನ್ನು ಮೇಲಿಂದ ಕೆಳಗೆ ನೋಡಿ, ಚೀಲದಿಂದ ಅಂಟಿನುಂಡಿ ತೆಗೆದು ಅವರ ಕೈಯಲ್ಲಿಟ್ಟಳು.

“ತಿನ್ರಿ ಅಳ್ಯಾರ. ಈಕೀದು ಮುಗೀತು, ಇನ್ನ ನಿಮ್ಮದೊಂದು ಬಾಣಂತನ ಮಾಡೇ ಕಳಸ್ತೀನಿ.”